ಕಲಿಯೋಕೆ ಬಂದವಳೋ, ದುಡಿಯೋಕೆ ಬಂದವಳೋ?

ಎರಡು ತಿಂಗಳ ಹಿಂದಿನ ಮಾತು. ಭಾನುವಾರ ಬೆಳಿಗ್ಗೆ ದೊಡ್ಡಮ್ಮನ ಮಗಳು, ಅಂದ್ರೆ ನನ್ನ ಅಕ್ಕ, ಫೋನ್ ಮಾಡಿದಳು. "ಏನೋ, ಎದ್ದಿದೀಯಾ? ನಿಂಗೆ ಎಕ್ಸೆಲ್ ಚೆನ್ನಾಗಿ ಬರುತ್ತಲ್ವಾ, ಒಂದು ಡ್ಯೂಟಿ ಲಿಸ್ಟ್ ಮಾಡ್ಕೊಡೋ" ಅಂದಳು. ಸಾಫ್ಟ್‌ವೇರ್‌ನಲ್ಲಿ ಇರೋರ ಹಣೆಬರಹವೇ ಇದು. ನೆಂಟರ ಮನೆಯಲ್ಲಿ ಪ್ರಿಂಟರ್ ಕೆಟ್ಟರೂ ನಾವೇ, ಟೀವಿ ರಿಮೋಟ್ ಕಳೆದುಹೋದರೂ ನಾವೇ :-)

ಅಕ್ಕ ನರ್ಸಿಂಗ್ ಓದಿದವಳು. ಕೆಲವು ವರ್ಷ ವಾರ್ಡಿನಲ್ಲಿ ಕೆಲಸ ಮಾಡಿ, ಆಮೇಲೆ ಎಂ.ಎಸ್ಸಿ. ಮುಗಿಸಿ, ಒಂದು ಖಾಸಗಿ ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡ್ತಾಳೆ. ಈ ವರ್ಷ ಅವಳನ್ನ ವೈಸ್ ಪ್ರಿನ್ಸಿಪಾಲ್ ಮಾಡಿದ್ದಾರೆ. ಹುದ್ದೆ ದೊಡ್ಡದಾಯ್ತು, ಜೊತೆಗೆ ಯಾವ ಹುಡುಗಿಗೆ ಯಾವ ವಾರ್ಡು, ಯಾವ ಪಾಳಿ ಅಂತ ಪಟ್ಟಿ ಮಾಡೋ ತಲೆನೋವೂ ಅವಳ ಹೆಗಲಿಗೇ ಬಿತ್ತು.

ಅವಳು ಕಳಿಸಿದ ಹಳೇ ಪಟ್ಟಿ ತೆರೆದು ನೋಡಿದೆ. ಹೆಸರು, ವಾರ್ಡು, ಪಾಳಿ. ಅಷ್ಟೇ. ಫೋನ್ ಮಾಡಿ, "ಅಕ್ಕಾ, ಇದ್ರಲ್ಲಿ ಸ್ಟಾಫ್ ಯಾರು, ಸ್ಟೂಡೆಂಟ್ಸ್ ಯಾರು ಗೊತ್ತಾಗ್ತಿಲ್ಲ, ಬೇರೆ ಬೇರೆ ಬಣ್ಣ ಕೊಡ್ಲಾ?" ಅಂದೆ. ಆ ಕಡೆ ಸ್ವಲ್ಪ ಹೊತ್ತು ಮಾತೇ ಇಲ್ಲ. ಆಮೇಲೆ "ರಾತ್ರಿ ಪಾಳೀಲಿ ಅಂಥಾ ವ್ಯತ್ಯಾಸ ಏನೂ ಇರಲ್ಲ ಕಣೋ" ಅಂದಳು.

ಈ ಒಂದು ಮಾತು ನನ್ನ ತಲೆಯಲ್ಲಿ ಹುಳ ಬಿಟ್ಟಿತು. ನಾನು ಕೆಲಸಕ್ಕೆ ಸೇರಿದಾಗ ಮೂರು ತಿಂಗಳು ಟ್ರೈನಿಂಗ್ ಇತ್ತು, ಅದೂ ಸಂಬಳ ಕೊಟ್ಟು. ಅದಾದ ಮೇಲೂ ಒಂದು ವರ್ಷ ಪ್ರೊಡಕ್ಷನ್ ಸರ್ವರ್ ಹತ್ತಿರ ನನ್ನನ್ನ ಯಾರೂ ಬಿಟ್ಟುಕೊಳ್ಳಲಿಲ್ಲ. ಹೊಸಬ, ಏನಾದ್ರೂ ಎಡವಟ್ಟು ಮಾಡ್ತಾನೆ ಅಂತ. ಇಲ್ಲಿ ನೋಡಿದರೆ ಎರಡನೇ ವರ್ಷದ, ಹತ್ತೊಂಬತ್ತು ದಾಟದ ಹುಡುಗಿಗೆ ರಾತ್ರಿಯಿಡೀ ಒಂದು ವಾರ್ಡು! ಫೀಸು ಕಟ್ಟಿರೋದೂ ಅವಳೇ!!

"ಇದು ಯಾವಾಗಿಂದ ಹೀಗೆ?" ಅಂತ ಕೇಳಿದೆ. "ಮೊದಲಿಂದಾನೂ ಹೀಗೇ. ಅದರ ವಿರುದ್ಧ ಜೀವಮಾನ ಪೂರ್ತಿ ಗುದ್ದಾಡಿದೋಳು ಒಬ್ಬಳಿದ್ದಳು, ಅಡಿಲೇಡ್ ನಟಿಂಗ್ ಅಂತ. ನಮ್ಮ ಪುಸ್ತಕದಲ್ಲಿ ಎರಡು ಮಾರ್ಕಿನ ಪ್ರಶ್ನೆ" ಅಂದಳು ಅಕ್ಕ. ಆ ಎರಡು ಮಾರ್ಕಿನ ಹೆಂಗಸಿನ ಹಿಂದೆ ಬಿದ್ದು ಎರಡು ತಿಂಗಳಿಂದ ಓದಿದ್ದನ್ನ ನಿಮ್ಮ ಜೊತೆ ಹಂಚಿಕೊಳ್ಳೋಣ ಅಂತ ಈ ಬರಹ. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಹಿಡ್ಕೊಂಡು ಕೂತ್ಕೊಳ್ಳಿ.

ಮೊದಲು ಸ್ವಲ್ಪ ಹಿನ್ನೆಲೆ. ಫ್ಲಾರೆನ್ಸ್ ನೈಟಿಂಗೇಲ್ ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ನರ್ಸಿಂಗ್ ಶಾಲೆ ಶುರು ಮಾಡಿದ್ದು 1860ರಲ್ಲಿ. ಕ್ರಿಮಿಯಾ ಯುದ್ಧದ ಹೊತ್ತಿನಲ್ಲಿ ಜನ ಆಕೆಯ ಹೆಸರಲ್ಲಿ ಚಂದಾ ಎತ್ತಿ ಒಂದು ನಿಧಿ ಕೂಡಿಸಿದ್ದರು. ಶಾಲೆಯ ಖರ್ಚು ಆ ನಿಧಿಯಿಂದ ಬರ್ತಿತ್ತು. ಇದನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಯಾಕಂದ್ರೆ ಮುಂದಿನ ಕಥೆಯೆಲ್ಲಾ ದುಡ್ಡಿನ ಮೇಲೇ ನಿಂತಿದೆ.

ಅಮೆರಿಕದಲ್ಲಿ ಇದೇ ಮಾದರಿಯ ಮೂರು ಶಾಲೆಗಳು 1873ರಲ್ಲಿ ಶುರುವಾದವು. ನ್ಯೂಯಾರ್ಕ್, ನ್ಯೂ ಹೇವನ್ ಮತ್ತು ಬಾಸ್ಟನ್ ನಗರಗಳಲ್ಲಿ. ಮೊದಮೊದಲು ಅವನ್ನ ನೋಡಿಕೊಳ್ಳೋಕೆ ಪ್ರತ್ಯೇಕ ಸಮಿತಿಗಳಿದ್ದವು. ಆದರೆ ನೈಟಿಂಗೇಲ್ ನಿಧಿಯಂಥ ಗಂಟು ಅವರ ಹತ್ತಿರ ಇರಲಿಲ್ಲ. ನಿಧಾನಕ್ಕೆ ಶಾಲೆಗಳು ಆಸ್ಪತ್ರೆಯ ಹೊಟ್ಟೆಯೊಳಗೇ ಸೇರಿಹೋದವು. ಇತರ ಆಸ್ಪತ್ರೆಗಳಿಗೂ ಒಂದು ವಿಷಯ ಹೊಳೆಯಿತು. ಸಂಬಳ ಕೊಟ್ಟು ನರ್ಸ್ ಇಟ್ಟುಕೊಳ್ಳೋದಕ್ಕಿಂತ ಒಂದು 'ಶಾಲೆ' ತೆಗೆಯೋದು ಅಗ್ಗ! ಊಟ, ವಸತಿ, ಕೈಖರ್ಚಿಗೆ ಒಂದಿಷ್ಟು ಕೊಟ್ಟರೆ ಹುಡುಗಿಯರು ದಿನಕ್ಕೆ ಹತ್ತು ಹನ್ನೆರಡು ಗಂಟೆ ದುಡಿಯುತ್ತಾರೆ. ಎರಡು ವರ್ಷ ಆದಮೇಲೆ ಸರ್ಟಿಫಿಕೇಟ್ ಕೊಟ್ಟು ಕಳಿಸು, ಹೊಸ ತಂಡ ಕರೆದುಕೋ. ಪಾಸಾದವರಿಗೆ ಆಸ್ಪತ್ರೆಯಲ್ಲಿ ಕೆಲಸ ಸಿಗ್ತಿದ್ದದ್ದು ಅಪರೂಪ. ಬಹುತೇಕರು ಶ್ರೀಮಂತರ ಮನೆಗಳಲ್ಲಿ ರೋಗಿಗಳನ್ನ ನೋಡಿಕೊಂಡು ಹೊಟ್ಟೆ ಹೊರೆಯಬೇಕಿತ್ತು.

1880ರಲ್ಲಿ ಅಮೆರಿಕದಲ್ಲಿ ಇಂಥ 15 ಶಾಲೆಗಳಿದ್ದವಂತೆ. 1900ರ ಹೊತ್ತಿಗೆ 432! ನಮ್ಮ ಕಡೆ ಒಂದು ಕಾಲದಲ್ಲಿ ಇಂಜಿನಿಯರಿಂಗ್ ಕಾಲೇಜುಗಳು ನಾಯಿಕೊಡೆಯ ಹಾಗೆ ಎದ್ದಿದ್ದು ನೆನಪಾಯ್ತು ನಂಗೆ.

ಈ ಸಂತೆಯ ನಡುವೆ 1889ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆಯಿತು. ಜೊತೆಗೇ ನರ್ಸಿಂಗ್ ಶಾಲೆ. ಅದರ ಮುಖ್ಯಸ್ಥೆ ಇಸಬೆಲ್ ಹ್ಯಾಂಪ್ಟನ್ ಅನ್ನೋ ಕೆನಡಾದ ಹೆಂಗಸು. ಮೊದಲ ತಂಡಕ್ಕೆ ಸೇರಿದವರಲ್ಲಿ ಇನ್ನೊಬ್ಬಳು ಕೆನಡಾದವಳಿದ್ದಳು, ಮೇರಿ ಅಡಿಲೇಡ್ ನಟಿಂಗ್. ಹುಟ್ಟಿದ್ದು ಕ್ವಿಬೆಕ್ ಪ್ರಾಂತ್ಯದ ಒಂದು ಹಳ್ಳಿಯಲ್ಲಿ, 1858ರ ನವೆಂಬರ್ 1ರಂದು (ನಮ್ಮ ರಾಜ್ಯೋತ್ಸವದ ದಿನ ನೋಡಿ!). ಸಂಗೀತ, ಚಿತ್ರಕಲೆ ಕಲಿತಿದ್ದಳು. ನ್ಯೂಫೌಂಡ್‌ಲ್ಯಾಂಡಿನ ಒಂದು ಹುಡುಗಿಯರ ಶಾಲೆಯಲ್ಲಿ ಸಂಗೀತದ ಮೇಷ್ಟ್ರಾಗಿದ್ದಳು. ಕಾಯಿಲೆ ಬಿದ್ದ ತಾಯಿಯ ಆರೈಕೆ ಮಾಡಿದವಳು. ನರ್ಸಿಂಗ್ ಶಾಲೆಗೆ ಕಾಲಿಟ್ಟಾಗ ವಯಸ್ಸು ಮೂವತ್ತೊಂದರ ಹತ್ತಿರ. ಇಪ್ಪತ್ತೇಳಕ್ಕೇ "ಲೈನ್ ಚೇಂಜ್ ಮಾಡೋಕೆ ಲೇಟ್ ಆಯ್ತೇನೋ" ಅಂತ ಕೊರಗೋ ನನ್ನ ಗೆಳೆಯರಿಗೆ ಇದನ್ನ ಓದಿ ಹೇಳಬೇಕು.

1891ರಲ್ಲಿ ಪಾಸಾದಳು. ಹೆಡ್ ನರ್ಸ್ ಆದಳು, ಆಮೇಲೆ ಸಹಾಯಕ ಸೂಪರಿಂಟೆಂಡೆಂಟ್. 1894ರಲ್ಲಿ ಹ್ಯಾಂಪ್ಟನ್ ಅಲ್ಲಿನ ಒಬ್ಬ ಡಾಕ್ಟರನ್ನೇ ಮದುವೆಯಾಗಿ (ಆಮೇಲೆ ಇಸಬೆಲ್ ಹ್ಯಾಂಪ್ಟನ್ ರಾಬ್ ಅಂತಲೇ ಪ್ರಸಿದ್ಧಿ) ಕೆಲಸ ಬಿಟ್ಟಾಗ ಆ ಕುರ್ಚಿಗೆ ನಟಿಂಗ್ ಬಂದಳು. ಆಸ್ಪತ್ರೆಯ ನರ್ಸುಗಳಿಗೆ ಸೂಪರಿಂಟೆಂಡೆಂಟೂ ಅವಳೇ, ಶಾಲೆಗೆ ಪ್ರಿನ್ಸಿಪಾಲೂ ಅವಳೇ. ಈ ಎರಡು ಟೋಪಿ ಒಂದೇ ತಲೆ ಮೇಲೆ ಇರೋದೇ ಸಮಸ್ಯೆಯ ಬೇರು. ಪ್ರಿನ್ಸಿಪಾಲ್ ಆಗಿ 'ಈ ಹುಡುಗಿಗೆ ಇವತ್ತು ಪಾಠ ಇದೆ' ಅನ್ನಬೇಕು. ಸೂಪರಿಂಟೆಂಡೆಂಟ್ ಆಗಿ 'ವಾರ್ಡಿನಲ್ಲಿ ಜನ ಇಲ್ಲ, ಅವಳನ್ನ ಕಳಿಸು' ಅನ್ನಬೇಕು. ಎರಡೂ ಹೇಳೋದು ಒಬ್ಬಳೇ. ಇಂಥ ಜಗಳದಲ್ಲಿ ಯಾವಾಗಲೂ ಗೆಲ್ಲೋದು ವಾರ್ಡೇ, ಯಾಕಂದ್ರೆ ನರಳೋ ರೋಗಿ ಕಣ್ಣೆದುರಿಗೇ ಇರ್ತಾನೆ. ತಪ್ಪಿಹೋದ ಪಾಠ ಯಾರ ಕಣ್ಣಿಗೂ ಕಾಣಲ್ಲ.

ಅವಳು ಮೊದಲು ಮಾಡಿದ ಕೆಲಸ ನನ್ನಂಥವನಿಗೆ ತುಂಬಾ ಇಷ್ಟವಾಯ್ತು. ಭಾಷಣ ಬಿಗಿಯಲಿಲ್ಲ, ಡೇಟಾ ಕಲೆಹಾಕಿದಳು! ಬೇರೆ ಬೇರೆ ಶಾಲೆಗಳಲ್ಲಿ ಹುಡುಗಿಯರು ನಿಜವಾಗಿ ಎಷ್ಟು ಗಂಟೆ ದುಡಿಯುತ್ತಾರೆ ಅಂತ ಲೆಕ್ಕ ತೆಗೆದು, 1896ರಲ್ಲಿ ನರ್ಸಿಂಗ್ ಶಾಲೆಗಳ ಸೂಪರಿಂಟೆಂಡೆಂಟರ ಸಂಘದ ಮುಂದೆ ಇಟ್ಟಳು. ತನ್ನ ಶಾಲೆಯಲ್ಲಿ ಅದೇ ಹೊತ್ತಿಗೆ ಮೂರು ಬದಲಾವಣೆ ತಂದಳು. ದಿನದ ಕೆಲಸ ಎಂಟು ಗಂಟೆ. ಕೋರ್ಸು ಎರಡರ ಬದಲು ಮೂರು ವರ್ಷ. ಮತ್ತು ವಿದ್ಯಾರ್ಥಿನಿಯರಿಗೆ ಕೊಡ್ತಿದ್ದ ತಿಂಗಳ ಭತ್ಯೆ ಬಂದ್.

ಮೂರನೆಯದು ಓದಿದಾಗ ನಾನು ಬೆಚ್ಚಿಬಿದ್ದೆ. ಹುಡುಗಿಯರ ಪರ ಇರೋಳು ಅವರ ಕೈಯಿಂದಲೇ ದುಡ್ಡು ಕಿತ್ತುಕೊಳ್ಳೋದಾ?? ಅಕ್ಕನಿಗೆ ಹೇಳಿದೆ. "ನೀನು ಸಂಬಳ ತಗೊಂಡ್ರೆ ಮ್ಯಾನೇಜರ್ ಕರೆದಾಗೆಲ್ಲಾ ಹೋಗ್ಬೇಕು ತಾನೇ? ಆ ಭತ್ಯೆ ಇರೋವರೆಗೂ ಆಸ್ಪತ್ರೆ ಅದನ್ನೇ ಸಂಬಳ ಅನ್ನುತ್ತೆ. 'ದುಡ್ಡು ಕೊಡ್ತಿದೀವಲ್ಲಾ, ದುಡೀಲಿ' ಅನ್ನುತ್ತೆ" ಅಂದಳು. ಸರಿಯೇ. ನಟಿಂಗ್‌ಳ ಯೋಚನೆ ಇದ್ದದ್ದೂ ಹಾಗೇ. ಆ ದುಡ್ಡು ವಿದ್ಯಾರ್ಥಿವೇತನಕ್ಕೆ, ಕಲಿಕೆಗೆ ಹೋಗಲಿ. ಆಗ ಹುಡುಗಿ ಆಳಲ್ಲ, ವಿದ್ಯಾರ್ಥಿನಿ.

ಆದರೂ ಒಂದು ಮಾತು ಹೇಳಲೇಬೇಕು. ಆ ಪುಟ್ಟ ಭತ್ಯೆಯನ್ನೇ ನಂಬಿ ಬರೋ ಬಡ ಮನೆಯ ಹುಡುಗಿಗೆ ಇದರಿಂದ ಬಾಗಿಲು ಇನ್ನಷ್ಟು ಕಿರಿದಾಯ್ತು. ವಿದ್ಯಾರ್ಥಿವೇತನ ಎಲ್ಲರಿಗೂ ಸಿಗಲ್ಲ. ಒಂದು ಕೆಲಸದ ಮರ್ಯಾದೆ ಹೆಚ್ಚಿಸೋಕೆ ಹೊರಟಾಗ ಹೊಸ್ತಿಲೂ ಎತ್ತರ ಆಗುತ್ತೆ. ನಟಿಂಗ್‌ಳ ಬಗ್ಗೆ ಎಷ್ಟೇ ಗೌರವ ಇದ್ದರೂ ಈ ಜಾಗ ನನ್ನನ್ನ ಚುಚ್ಚುತ್ತೆ. ನಮ್ಮ ದೊಡ್ಡಪ್ಪನ ಹತ್ತಿರ ಆಗ ದುಡ್ಡಿಲ್ಲದೇ ಇದ್ದಿದ್ದರೆ ಅಕ್ಕ ಏನು ಮಾಡ್ತಿದ್ದಳು?

ಇನ್ನೊಂದು ತಮಾಷೆ (ತಮಾಷೆ ಅಂತ ಹೇಗೆ ಅನ್ನಲಿ...). ಎಂಟು ಗಂಟೆ ಮತ್ತು ಮೂರು ವರ್ಷ ಒಂದಕ್ಕೊಂದು ಗಂಟು ಹಾಕಿದ ಪ್ಯಾಕೇಜ್. ದಿನದ ಗಂಟೆ ಕಡಿಮೆ ಮಾಡಿ, ಅದಕ್ಕೆ ಬದಲಾಗಿ ವರ್ಷ ಹೆಚ್ಚು ಮಾಡಿ ಅನ್ನೋ ಲೆಕ್ಕ. ದೇಶದ ಎಷ್ಟೋ ಆಸ್ಪತ್ರೆಗಳು ಮೂರನೇ ವರ್ಷವನ್ನ ಖುಷಿಯಿಂದ ತಗೊಂಡವು, ಎಂಟು ಗಂಟೆಯನ್ನ ಮರೆತುಬಿಟ್ಟವು! ಅಂದ್ರೆ ಸುಧಾರಣೆಯ ಹೆಸರಿನಲ್ಲಿ ಇನ್ನೂ ಒಂದು ವರ್ಷ ಬಿಟ್ಟಿ ಚಾಕರಿ. ಒಳ್ಳೇ ಯೋಜನೆಯಲ್ಲಿ ತಮಗೆ ಬೇಕಾದ ಅರ್ಧ ಮಾತ್ರ ಕಿತ್ತುಕೊಳ್ಳೋ ವಿದ್ಯೆ ಯಾವ ಕಾಲದ ಮ್ಯಾನೇಜ್‌ಮೆಂಟಿಗೂ ಕರಗತ ಅನ್ಸುತ್ತೆ.

1901ರಲ್ಲಿ ನಟಿಂಗ್ ಇನ್ನೊಂದು ಹೆಜ್ಜೆ ಇಟ್ಟಳು. ಹೊಸಬರನ್ನ ಸೀದಾ ವಾರ್ಡಿಗೆ ನೂಕೋ ಬದಲು ಆರು ತಿಂಗಳ ಪೂರ್ವಸಿದ್ಧತಾ ಕೋರ್ಸು. ಅಂಗರಚನೆ, ಶರೀರಕ್ರಿಯೆ, ಆರೋಗ್ಯ ನೈರ್ಮಲ್ಯ, ಔಷಧಿಗಳು, ರೋಗಿಯ ಶುಶ್ರೂಷೆಯ ಮೊದಲ ಪಾಠಗಳು. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ರೆಬೆಕಾ ಸ್ಟ್ರಾಂಗ್ ಅನ್ನೋವರು 1893ರಲ್ಲೇ ಇಂಥದ್ದನ್ನ ಶುರು ಮಾಡಿದ್ದರು. ಇವತ್ತು ನಮಗೆ ಇದರಲ್ಲಿ ವಿಶೇಷ ಏನೂ ಕಾಣಲ್ಲ. ಆದರೆ ಅವತ್ತಿನ ಕಣ್ಣಲ್ಲಿ ನೋಡಿ. ಆರು ತಿಂಗಳು ಈ ಹುಡುಗಿಯರು ಆಸ್ಪತ್ರೆಯ ಅನ್ನ ತಿಂತಾರೆ, ವಾರ್ಡಿನ ಕೆಲಸಕ್ಕೆ ಸಿಗಲ್ಲ! ಲೆಕ್ಕ ಬರೆಯೋರಿಗೆ ಹೊಟ್ಟೆ ಉರಿಯದೇ ಇರುತ್ತಾ? ಆ ಕಾಲದ ಕೆಲವು ಡಾಕ್ಟರುಗಳು 'ನರ್ಸಿಗೆ ಇಷ್ಟೊಂದು ಓದು ಯಾಕೆ, ಅತಿಯಾಯ್ತು' ಅಂತ ಬಹಿರಂಗವಾಗೇ ವಾದ ಮಾಡ್ತಿದ್ದರು.

ಇಷ್ಟೆಲ್ಲಾ ಮಾಡಿದರೂ ಅವಳಿಗೆ ಒಂದು ಗೊತ್ತಿತ್ತು. ಇದೆಲ್ಲಾ ಆಸ್ಪತ್ರೆ ಮನಸ್ಸು ಮಾಡಿದರೆ ನಡೆಯುತ್ತೆ, ಇಲ್ಲದಿದ್ದರೆ ಇಲ್ಲ. ಶಾಲೆಗೆ ತನ್ನದೇ ದುಡ್ಡು ಇರಬೇಕು. ಮೂಲಧನ ಇಟ್ಟು ಬಡ್ಡಿಯಲ್ಲಿ ನಡೆಯೋ ಹಾಗೆ ಒಂದು ದತ್ತಿನಿಧಿ ಬೇಕು. ಮೆಡಿಕಲ್ ಕಾಲೇಜಿಗೆ, ಕಾನೂನು ಕಾಲೇಜಿಗೆ ದಾನಿಗಳು ಕೊಡ್ತಾರೆ, ನರ್ಸಿಂಗ್ ಶಾಲೆಗೆ ಯಾಕಿಲ್ಲ? ಹಾಪ್ಕಿನ್ಸ್ ಶಾಲೆಗೆ ಇಂಥ ನಿಧಿ ಬೇಕು ಅಂತ ಕೇಳ್ತಾನೇ ಹೋದಳು. ಸಿಗಲಿಲ್ಲ.

ಇಲ್ಲಿಂದ ಕಥೆ ನ್ಯೂಯಾರ್ಕಿಗೆ ಹೋಗುತ್ತೆ. ಅಲ್ಲಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಸೇರಿದ ಟೀಚರ್ಸ್ ಕಾಲೇಜಿನಲ್ಲಿ 1899ರಲ್ಲೇ ಒಂದು ಕೋರ್ಸು ಶುರುವಾಗಿತ್ತು. ಹೆಸರು 'ಹಾಸ್ಪಿಟಲ್ ಎಕನಾಮಿಕ್ಸ್'. ನರ್ಸಿಂಗ್ ಶಾಲೆಗಳನ್ನ ನಡೆಸಬೇಕಾದ ಸೂಪರಿಂಟೆಂಡೆಂಟುಗಳಿಗೆ ಪಾಠ ಮಾಡೋದು, ಶಾಲೆ ನಡೆಸೋದು, ಲೆಕ್ಕ ನೋಡೋದು ಕಲಿಸೋ ಕೋರ್ಸು. ಇಸಬೆಲ್ ರಾಬ್ ಹಟ ಹಿಡಿದು ಆ ಕಾಲೇಜಿನ ಡೀನ್ ಜೇಮ್ಸ್ ರಸೆಲ್ ಅವರನ್ನ ಒಪ್ಪಿಸಿದ್ದಳು. ಮೊದಲ ವರ್ಷ ಸೇರಿದ ವಿದ್ಯಾರ್ಥಿನಿಯರು ಎಷ್ಟು ಗೊತ್ತಾ? ಇಬ್ಬರು! ನಟಿಂಗ್ ಬಾಲ್ಟಿಮೋರಿನಿಂದ ಬಂದು ಪಾಠ ಮಾಡಿ ಹೋಗ್ತಿದ್ದಳು. 1907ರಲ್ಲಿ ಹಾಪ್ಕಿನ್ಸ್ ಬಿಟ್ಟು ಅಲ್ಲಿಗೇ ಪ್ರಾಧ್ಯಾಪಕಿಯಾಗಿ ಬಂದಳು. ವಿಶ್ವವಿದ್ಯಾಲಯವೊಂದರಲ್ಲಿ ಪ್ರೊಫೆಸರ್ ಆದ ಜಗತ್ತಿನ ಮೊದಲ ನರ್ಸ್ ಅವಳು. ಅಕ್ಕನ ಪುಸ್ತಕದಲ್ಲಿರೋ ಎರಡು ಮಾರ್ಕು ಇದಕ್ಕೇ.

ಅದೇ 1907ರಲ್ಲಿ ಗೆಳತಿ ಲವೀನಿಯಾ ಡಾಕ್ ಜೊತೆ ಸೇರಿ ಬರೆದ ನರ್ಸಿಂಗ್ ಇತಿಹಾಸದ ಎರಡು ಸಂಪುಟ ಬಂದವು. ಇನ್ನೆರಡನ್ನ ಡಾಕ್ 1912ರಲ್ಲಿ ತಂದಳು. 1910ರಲ್ಲಿ ಹೆಲೆನ್ ಹಾರ್ಟ್ಲಿ ಜೆಂಕಿನ್ಸ್ ಅನ್ನೋ ದಾನಿಯ ನೆರವಿನಿಂದ ಟೀಚರ್ಸ್ ಕಾಲೇಜಿನಲ್ಲಿ ನರ್ಸಿಂಗ್ ಮತ್ತು ಆರೋಗ್ಯ ವಿಭಾಗ ನೆಲೆಯಾಯ್ತು. ಬಾಲ್ಟಿಮೋರಿನಲ್ಲಿ ಸಿಗದ ನಿಧಿ ಕೊನೆಗೂ ಇಲ್ಲಿ ಸಿಕ್ಕಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಇಸಬೆಲ್ ರಾಬ್ ಕ್ಲೀವ್‌ಲ್ಯಾಂಡಿನ ರಸ್ತೆಯಲ್ಲಿ ಟ್ರಾಮ್ ಅಪಘಾತದಲ್ಲಿ ತೀರಿಕೊಂಡಳು. ಗುರು ನೆಟ್ಟ ಗಿಡ ಬೇರು ಬಿಟ್ಟ ವರ್ಷವೇ ಗುರು ಇಲ್ಲ.

1912ರಲ್ಲಿ ನಟಿಂಗ್ ಮತ್ತೆ ಡೇಟಾಗೆ ಕೈ ಹಾಕಿದಳು. ದೇಶದ ನರ್ಸಿಂಗ್ ಶಾಲೆಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನ ಜೋಡಿಸಿ ಒಂದು ವರದಿ ಬರೆದಳು. ಅದನ್ನ ಪ್ರಕಟಿಸಿದ್ದು ಅಮೆರಿಕ ಸರ್ಕಾರದ ಶಿಕ್ಷಣ ಇಲಾಖೆ, ಆರೋಗ್ಯ ಇಲಾಖೆ ಅಲ್ಲ. ಇದು ಗಮನಿಸಬೇಕಾದ ವಿಷಯ. 'ಇದು ಆಸ್ಪತ್ರೆಯ ಒಳಮನೆ ವಿಚಾರ ಅಲ್ಲ, ಶಿಕ್ಷಣದ ವಿಚಾರ' ಅಂತ ಸರ್ಕಾರದ ಮುದ್ರೆ ಬಿದ್ದ ಹಾಗಾಯ್ತು. 1917ರಲ್ಲಿ ಅವಳ ಅಧ್ಯಕ್ಷತೆಯ ಸಮಿತಿ ಎಲ್ಲಾ ಶಾಲೆಗಳಿಗೂ ಒಂದು ಮಾದರಿ ಪಠ್ಯಕ್ರಮ ಕೊಟ್ಟಿತು. ಅದರಲ್ಲಿ ಬಹುಪಾಲು ಕೆಲಸ ಮಾಡಿದ್ದು ಶಿಷ್ಯೆ ಇಸಬೆಲ್ ಸ್ಟುವರ್ಟ್. 1923ರಲ್ಲಿ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿನಲ್ಲಿ ನಡೆದ ಗೋಲ್ಡ್‌ಮಾರ್ಕ್ ವರದಿ 23 ಶಾಲೆಗಳನ್ನ ಹತ್ತಿರದಿಂದ ನೋಡಿ, ನಟಿಂಗ್ ಕಾಲು ಶತಮಾನದಿಂದ ಹೇಳ್ತಿದ್ದದ್ದನ್ನೇ ಹೇಳಿತು. ಆ ಸಮಿತಿಯಲ್ಲಿ ಅವಳೂ ಇದ್ದಳು ಅನ್ನಿ. ಅದೇ ವರ್ಷ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ವಂತ ಡೀನ್ ಇರೋ ನರ್ಸಿಂಗ್ ಶಾಲೆ ಶುರುವಾಯ್ತು.

1925ರಲ್ಲಿ ನಟಿಂಗ್ ನಿವೃತ್ತಳಾದಳು. ಮರುವರ್ಷ ಅವಳ ಭಾಷಣಗಳ ಪುಸ್ತಕ ಬಂತು. ಅದರ ಹೆಸರು ಕನ್ನಡದಲ್ಲಿ ಹೇಳೋದಾದರೆ 'ನರ್ಸಿಂಗ್ ಶಾಲೆಗಳಿಗೆ ಒಂದು ಭದ್ರ ಆರ್ಥಿಕ ಬುನಾದಿ'. ಸೇವೆ, ತ್ಯಾಗ, ದೀಪ ಹಿಡಿದ ದೇವತೆ ಅಂತೆಲ್ಲಾ ಹೆಸರಿಡಬಹುದಿತ್ತು. ಇಡಲಿಲ್ಲ. ದುಡ್ಡು ಯಾರು ಕೊಡ್ತಾರೆ ಅಂತ ಕೇಳಿದಳು. 1948ರ ಅಕ್ಟೋಬರ್ 3ರಂದು, ತೊಂಬತ್ತಕ್ಕೆ ಒಂದು ತಿಂಗಳು ಬಾಕಿ ಇದ್ದಾಗ, ತೀರಿಕೊಂಡಳು. ಅವಳು ಓದಿ, ನಡೆಸಿದ ಹಾಪ್ಕಿನ್ಸ್ ಆಸ್ಪತ್ರೆಯ ಆ ಶಾಲೆ 1973ರಲ್ಲಿ ಮುಚ್ಚಿತು. ಹತ್ತು ವರ್ಷ ಆದಮೇಲೆ, 1983ರಲ್ಲಿ, ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ್ದೇ ನರ್ಸಿಂಗ್ ಶಾಲೆ ಸ್ಥಾಪನೆಯಾಯ್ತು. ಆಸ್ಪತ್ರೆಯ ಶಾಲೆ ಹೋಗಿ ವಿಶ್ವವಿದ್ಯಾಲಯದ ಶಾಲೆ ಬರಲಿ ಅಂತ ಅವಳು ಬಯಸಿದ್ದು ಅವಳದೇ ಅಂಗಳದಲ್ಲಿ ಆಗೋಕೆ ಅವಳು ಸತ್ತು ಮೂವತ್ತೈದು ವರ್ಷ ಬೇಕಾಯ್ತು.

ಇನ್ನು ನಮ್ಮ ಕಡೆ. 1946ರಲ್ಲಿ ಭೋರ್ ಸಮಿತಿಯ ವರದಿ ಬಂತು. ಆಗ ಇಡೀ ಬ್ರಿಟಿಷ್ ಇಂಡಿಯಾದಲ್ಲಿ ಇದ್ದ ನರ್ಸುಗಳು ಸುಮಾರು 7,000, ಡಾಕ್ಟರುಗಳು ಸುಮಾರು 47,500. ಸರಿಯಾಗಿ ಓದಿ, ಡಾಕ್ಟರುಗಳೇ ಹೆಚ್ಚು! 43,000 ಜನಕ್ಕೆ ಒಬ್ಬ ನರ್ಸ್. ಅದೇ 1946ರಲ್ಲಿ ದೆಹಲಿಯ ನರ್ಸಿಂಗ್ ಕಾಲೇಜಿನಲ್ಲಿ (ಈಗ ಅದಕ್ಕೆ ರಾಜಕುಮಾರಿ ಅಮೃತ್ ಕೌರ್ ಹೆಸರು) ಮತ್ತು ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ವಿಶ್ವವಿದ್ಯಾಲಯದ ಪದವಿಯಾಗಿ ನರ್ಸಿಂಗ್ ಶುರುವಾಯ್ತು. 1947ರಲ್ಲಿ ಇಂಡಿಯನ್ ನರ್ಸಿಂಗ್ ಕೌನ್ಸಿಲ್ ಕಾಯ್ದೆ, 2023ರಲ್ಲಿ ಅದರ ಜಾಗಕ್ಕೆ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ. ನಮ್ಮ ರಾಜ್ಯದಲ್ಲಿ 1996ರಿಂದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ. ಕಾಗದದ ಮೇಲೆ ನಟಿಂಗ್ ಗೆದ್ದಿದ್ದಾಳೆ. ನಮ್ಮ ಹುಡುಗಿಯರು ಡಿಗ್ರಿ ಓದ್ತಾರೆ, ಯೂನಿವರ್ಸಿಟಿ ಪರೀಕ್ಷೆ ಬರೀತಾರೆ. ಕೇರಳದಿಂದ ಬಸ್ಸು, ರೈಲು ಹತ್ತಿ ಬೆಂಗಳೂರಿಗೆ, ಮಂಗಳೂರಿಗೆ ಬಂದು ಓದೋರು ಎಷ್ಟು ಜನ!

ಆದರೆ ರಾತ್ರಿ ಪಾಳಿಯ ಆ ಪಟ್ಟಿ?

ಒಂದು ಮಾತು ಸ್ಪಷ್ಟ ಮಾಡ್ತೀನಿ. ವಾರ್ಡಿಗೆ ಹೋಗದೇ ನರ್ಸಿಂಗ್ ಕಲಿಯೋಕೆ ಆಗಲ್ಲ. ರಾತ್ರಿಯ ವಾರ್ಡೂ ಕಲಿಯಬೇಕಾದ್ದೇ. ನಟಿಂಗ್ ಕೂಡ ವಾರ್ಡ್ ಬೇಡ ಅನ್ನಲಿಲ್ಲ. ಪ್ರಶ್ನೆ ಇರೋದು, ಅವಳು ಅಲ್ಲಿ ನಿಂತಿದ್ದಾಗ ಯಾರಾದರೂ ಅವಳಿಗೆ ಕಲಿಸ್ತಿದ್ದಾರಾ ಅಥವಾ ಅವಳು ಒಂದು ಖಾಲಿ ಜಾಗ ತುಂಬ್ತಿದ್ದಾಳಾ ಅನ್ನೋದು.

ಇದನ್ನೇ ಅಕ್ಕನಿಗೆ ಹೇಳಿದೆ. ಅವಳು ಸ್ವಲ್ಪ ಯೋಚಿಸಿ, "ಹಂಗಾದ್ರೆ ಆ ಪಟ್ಟೀಲಿ ಇನ್ನೊಂದು ಕಾಲಂ ಹಾಕು. 'ಈ ಪಾಳಿಯಲ್ಲಿ ಕಲಿಸುವವರು ಯಾರು' ಅಂತ" ಅಂದಳು. ಹಾಕಿದೆ. ಹೆಸರು ಇಲ್ಲದಿದ್ದರೆ ಕೆಂಪು ಬಣ್ಣ ಬರೋ ಹಾಗೆ ಮಾಡಿದೆ. ಅವಳೇ ಕೂತು ಹಳೇ ತಿಂಗಳ ವಿವರ ತುಂಬಿದಳು. ಹಗಲಿನ ಪಾಳಿ ಅಲ್ಲಲ್ಲಿ ಕೆಂಪು. ರಾತ್ರಿಯ ಪಾಳಿ ಮೇಲಿಂದ ಕೆಳಗಿನವರೆಗೂ ಕೆಂಪು...

ಅದನ್ನ ಪ್ರಿಂಟ್ ತೆಗೆದು ಆಡಳಿತ ಮಂಡಳಿಯ ಮೀಟಿಂಗಿಗೆ ಹೋದಳು. ಬೈಸಿಕೊಂಡಳಂತೆ. "ಸ್ಟಾಫ್ ತಗೊಳ್ಳೋಕೆ ದುಡ್ಡು ಎಲ್ಲಿಂದ ತರೋಣ ಮೇಡಂ?" ಅಂತ ಕೇಳಿದರಂತೆ. ನೂರಿಪ್ಪತ್ತು ವರ್ಷದ ಹಿಂದೆ ಬಾಲ್ಟಿಮೋರಿನಲ್ಲಿ ಕೇಳಿದ್ದೂ ಇದೇ ಪ್ರಶ್ನೆಯನ್ನೇ. ಕೊನೆಗೆ ಎರಡನೇ ವರ್ಷದವರನ್ನ ರಾತ್ರಿ ಒಬ್ಬರನ್ನೇ ಬಿಡೋದು ನಿಲ್ಲಿಸ್ತೀವಿ ಅಂತ ಒಪ್ಪಿಕೊಂಡರು. ಮೂರನೇ, ನಾಲ್ಕನೇ ವರ್ಷದವರ ವಿಷಯ 'ಮುಂದಿನ ಮೀಟಿಂಗಿನಲ್ಲಿ ನೋಡೋಣ'.

"ಸೋತ್ಯೋ, ಗೆದ್ಯೋ?" ಅಂತ ಕೇಳಿದೆ.

"ಮುಂದಿನ ಮೀಟಿಂಗ್ ಹದಿನೆಂಟಕ್ಕೆ ಕಣೋ. ಈ ತಿಂಗಳದ್ದೂ ತುಂಬಿ ಇಟ್ಟಿರ್ತೀನಿ, ಆ ಕೆಂಪು ಬಣ್ಣ ಇನ್ನೂ ಸ್ವಲ್ಪ ಗಾಢ ಮಾಡ್ಕೊಡು" ಅಂದಳು.

ನಿಮ್ಮ ಮನೆಯಲ್ಲೂ ನರ್ಸಿಂಗ್ ಓದಿದ ಅಕ್ಕನೋ ತಂಗಿಯೋ ಇದ್ದರೆ ಒಮ್ಮೆ ಕೇಳಿ ನೋಡಿ, ಮೊದಲ ಸಲ ರಾತ್ರಿ ಪಾಳಿ ಮಾಡಿದಾಗ ಪಕ್ಕದಲ್ಲಿ ಯಾರಿದ್ದರು ಅಂತ. ಏನಂದರು ಅಂತ ನನಗೂ ತಿಳಿಸಿ.